ಬಯಲುಸೀಮೆಯ ಹರಿಗೋಲು ಟ್ರೇಲರ್ ಏರುವಾಗ

ಚಳ್ಳಕೆರೆ, ಮೊಳಕಾಲ್ಮುರು ಎಂದರೆ ಶೇಂಗಾ, ಎಣ್ಣೆ ಗಿರಣಿ, ಕಂಬಳಿ, ರೇಷ್ಮೆ ಸೀರೆ, ಕುರಿಹಟ್ಟಿ, ಕೊನೆಗೆ ಬರ. ದೋಣಿ ಯಾರಿಗೂ ನೆನಪಾಗುವುದಿಲ್ಲ. ವರ್ಷಕ್ಕೆ 500 ಮಿಲಿಮೀಟರ್ ಆಸುಪಾಸು ಮಳೆ ಕಾಣುವ, ಕುಡಿಯುವ ನೀರಿಗೂ ತುಂಗಭದ್ರೆಯ ಹಿನ್ನೀರಿನ ಕಡೆ ಮುಖ ಮಾಡಿ ಕೂತ ಸೀಮೆ ಇದು. ಆದರೂ ಇಲ್ಲಿ ದೋಣಿ ಉಂಟು. ರಾಣಿಕೆರೆ, ನಾಯಕನಹಟ್ಟಿಯ ಕೆರೆಗಳು, ಮೊಳಕಾಲ್ಮುರು ತಾಲ್ಲೂಕಿನ ರಂಗಯ್ಯನದುರ್ಗ ಜಲಾಶಯ, ಪರಶುರಾಂಪುರದ ಕಡೆ ವೇದಾವತಿಗೆ ಅಡ್ಡ ಹಾಕಿದ ಕಟ್ಟೆಗಳು, ಇವುಗಳಲ್ಲಿ ನೀರು ನಿಂತ ವರ್ಷ ಕಾಟ್ಲಾ, ರೋಹು, ಗೆಂಡೆ ಮರಿ ಬೀಳುತ್ತವೆ. ಮರಿ ಬಿದ್ದು ಬಲಿತ ಮೇಲೆ ಬಲೆ ಬರುತ್ತದೆ, ಬಲೆಯ ಹಿಂದೆ ಹರಿಗೋಲು.

ಅದು ಬರುವುದು ಗಾಡಿಯ ಮೇಲೆ. ಟ್ರ್ಯಾಕ್ಟರ್ ಟ್ರೇಲರಿನಲ್ಲಿ, ಲಗೇಜ್ ಆಟೊದ ನೆತ್ತಿಯ ಮೇಲೆ, ಮಿನಿ ಲಾರಿಯಲ್ಲಿ. ಕೆರೆ ಬತ್ತಿತೋ ಗುತ್ತಿಗೆ ಮುಗಿಯಿತೋ, ಮತ್ತೆ ಗಾಡಿ ಹತ್ತಿ ಇನ್ನೊಂದು ಕೆರೆಗೆ. ಎಲ್ಲೂ ನೀರಿಲ್ಲವಾದರೆ ಯಾವುದೋ ಹಿತ್ತಲಿನಲ್ಲಿ ಬೋರಲು ಬಿದ್ದಿರುತ್ತದೆ. ಮಲ್ಪೆಯ ಯಾಂತ್ರಿಕ ದೋಣಿ ಜೂನ್ 1ರಿಂದ ಜುಲೈ 31ರವರೆಗಿನ 61 ದಿನದ ನಿಷೇಧ ಬಿಟ್ಟರೆ ಹೆಚ್ಚು ಕಡಿಮೆ ನೀರಿನಲ್ಲೇ ಬದುಕುತ್ತದೆ. ಇಲ್ಲಿಯ ಹರಿಗೋಲಿಗೆ ನೆಲವೇ ಮನೆ, ನೀರು ಬೀಗರ ಮನೆ. ಹಾಗಾಗಿ ದೋಣಿಯ ತಳ ಕಾಪಾಡುವುದು ಹೇಗೆ ಎಂಬ ಪ್ರಶ್ನೆಗೆ ಕರಾವಳಿಯ ಉತ್ತರ ಈ ಸೀಮೆಗೆ ಅಷ್ಟಾಗಿ ಒಗ್ಗದು. ಅಲ್ಲಿ ಉಪ್ಪು ನೀರು, ಮರ ಕೊರೆಯುವ ಹುಳು, ತಳಕ್ಕೆ ಕಚ್ಚುವ ಚಿಪ್ಪು ಇವುಗಳ ಚಿಂತೆ. ಇಲ್ಲಿ ತಳ ಹಾಳಾಗುವುದು ನೀರಿನ ಅಂಚಿನಿಂದ ಟ್ರೇಲರಿನ ಮೈವರೆಗಿನ ಹತ್ತಿಪ್ಪತ್ತು ಹೆಜ್ಜೆಯಲ್ಲಿ, ಆಮೇಲೆ ದಾರಿಯ ಕುಲುಕಾಟದಲ್ಲಿ.

ಹರಿಗೋಲು ಹುಟ್ಟಿದ್ದೇ ಈ ಓಡಾಟಕ್ಕೆ ತಕ್ಕಂತೆ. ಸೀಳಿದ ಬಿದಿರನ್ನು ತಳದಿಂದ ಹೆಣೆಯುತ್ತ ಬಂದು ಸುತ್ತ ಮೇಲಕ್ಕೆ ಬಗ್ಗಿಸಿ, ಅಂಚನ್ನು ದಪ್ಪಗೆ ಕಟ್ಟಿ, ಹೊರಮೈಗೆ ತೊಗಲು ಹೊದಿಸಿದರೆ ಮುಗಿಯಿತು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ವರ್ತಕ ಡೊಮಿಂಗೊ ಪಾಯಸ್ ಆನೆಗೊಂದಿ ಕಡೆಗೆ ಹೊಳೆ ದಾಟಿಸುತ್ತಿದ್ದ ಈ ಬುಟ್ಟಿ ದೋಣಿಗಳನ್ನು ನೋಡಿ ಬರೆದಿಟ್ಟಿದ್ದಾನೆ. ಒಳಗೆ ಬೆತ್ತ, ಹೊರಗೆ ತೊಗಲು, ಹದಿನೈದು ಇಪ್ಪತ್ತು ಜನ ಕೂರುವಷ್ಟು ಜಾಗ, ಬೇಕಾದರೆ ಕುದುರೆ ಎತ್ತುಗಳನ್ನೂ ದಾಟಿಸಬಹುದು, ಆದರೆ ನೆಟ್ಟಗೆ ಹೋಗದೆ ಸುತ್ತುತ್ತಲೇ ಇರುತ್ತವೆ ಎಂಬುದು ಅವನ ವರದಿ. ಮುಂದೆ 1803ರಲ್ಲಿ ಮರಾಠರ ಮೇಲೆ ದಂಡೆತ್ತಿ ಹೋದ ಆರ್ಥರ್ ವೆಲ್ಲೆಸ್ಲಿಯೂ ಮಳೆಗಾಲದ ಹೊಳೆ ದಾಟಲು ಬುಟ್ಟಿ ದೋಣಿಗಳನ್ನೇ ನೆಚ್ಚಿದ. ಬಿದಿರು, ತೊಗಲು ಸಿಕ್ಕ ಕಡೆ ಕಟ್ಟಿಸಿಕೊಳ್ಳಬಹುದಾದ ದೋಣಿ ದಂಡಿಗೆ ಬೇರೆ ಯಾವುದಿದೆ?

ಇದಕ್ಕೂ ಹಳೆಯ, ಇದಕ್ಕಿಂತ ಚಂದದ ಉದಾಹರಣೆ ಹೆರೊಡೋಟಸ್ ಕೊಡುತ್ತಾನೆ. ಕ್ರಿ.ಪೂ. 5ನೇ ಶತಮಾನದ ಮಾತು. ಮೇಲಿನ ಸೀಮೆಯ ವ್ಯಾಪಾರಿಗಳು ತೊಗಲು ಹೊದಿಸಿದ ದುಂಡನೆಯ ದೋಣಿಯಲ್ಲಿ ಸರಕಿನ ಜೊತೆ ಒಂದು ಕತ್ತೆಯನ್ನೂ ಹತ್ತಿಸಿಕೊಂಡು ಬ್ಯಾಬಿಲೋನಿಗೆ ಇಳಿದು ಬರುತ್ತಿದ್ದರಂತೆ. ಪ್ರವಾಹದ ಎದುರು ವಾಪಸು ಹೋಗುವಂತಿಲ್ಲ. ಸರಕು ಮಾರಿ, ಕಡ್ಡಿಯ ಚೌಕಟ್ಟನ್ನೂ ಅಲ್ಲೇ ಮಾರಿ, ತೊಗಲನ್ನು ಮಾತ್ರ ಕತ್ತೆಯ ಮೇಲೆ ಹೇರಿಕೊಂಡು ನೆಲದ ದಾರಿಯಲ್ಲಿ ಊರಿಗೆ ಮರಳುತ್ತಿದ್ದರು. ದೋಣಿಯಲ್ಲಿ ಯಾವುದಕ್ಕೆ ಬೆಲೆ, ಯಾವುದನ್ನು ಜೋಪಾನವಾಗಿ ಸಾಗಿಸಬೇಕು ಎಂಬ ಲೆಕ್ಕ ಅವರಿಗೆ ಸ್ಪಷ್ಟವಿತ್ತು. ಹೊರಮೈ ಉಳಿದರೆ ದೋಣಿ ಉಳಿದಂತೆ.

ನಮ್ಮಲ್ಲಿ ತೊಗಲಿನ ಜಾಗಕ್ಕೆ ಟಾರ್ಪಾಲು ಬಂತು, ಆಮೇಲೆ ಗೊಬ್ಬರದ ಪ್ಲಾಸ್ಟಿಕ್ ಚೀಲಗಳನ್ನು ಬಿಚ್ಚಿ ಸೇರಿಸಿ ಹೊಲಿದ ಹೊದಿಕೆ ಬಂತು, ಮೇಲೆ ಕಾಯಿಸಿ ಬಳಿದ ಡಾಂಬರು. ಈ ಡಾಂಬರಿನ ಹರಿಗೋಲಿಗೆ ಒಂದು ದೊಡ್ಡ ಗುಣವಿತ್ತು: ತಳ ಕೆಟ್ಟದ್ದು ಕಣ್ಣಿಗೆ ಕಾಣುತ್ತಿತ್ತು. ಎಲ್ಲಿ ಉಜ್ಜಿತೋ ಅಲ್ಲಿ ಚೀಲದ ಎಳೆ ಮೇಲೇಳುತ್ತಿತ್ತು, ಹಂಗಾಮಿಗೊಮ್ಮೆ ಒಲೆ ಹೂಡಿ ಡಾಂಬರು ಕಾಯಿಸಿ ಇನ್ನೊಂದು ಪದರ ಬಳಿದರೆ ತಳ ಹೊಸದಾಗುತ್ತಿತ್ತು. ಎಳೆದಾಡಿದರೂ ನಡೆಯುತ್ತಿತ್ತು, ಯಾಕೆಂದರೆ ಸವೆಯುವುದಕ್ಕೆಂದೇ ಒಂದು ಪದರ ಇತ್ತು.

ಅದರ ಶತ್ರು ಬಿಸಿಲು. ರಸ್ತೆಗೆ ಹಾಕುವ ಸಾಮಾನ್ಯ ಡಾಂಬರು 50 ಡಿಗ್ರಿ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ. ಚಳ್ಳಕೆರೆಯ ಏಪ್ರಿಲ್ ಬಿಸಿಲಿಗೆ ಮಧ್ಯಾಹ್ನವೆಲ್ಲ ನಿಂತ ಟ್ರೇಲರಿನ ಕಬ್ಬಿಣದ ತಗಡು ಅದಕ್ಕಿಂತ ಹೆಚ್ಚೇ ಕಾಯುತ್ತದೆ. ಬರಿಗಾಲಲ್ಲಿ ಹತ್ತಿದವರಿಗೆ ಗೊತ್ತು. ಅದರ ಮೇಲೆ ಹರಿಗೋಲನ್ನು ನೆಟ್ಟಗೆ ಕೂರಿಸಿದರೆ ಡಾಂಬರು ತಗಡಿಗೆ ಅಂಟುತ್ತದೆ. ಇಳಿಸುವಾಗ ಜಗ್ಗಿದರೆ ಅಂಗೈಯಗಲದ ಹೊಪ್ಪಳಿಕೆ ತಗಡಿನ ಮೇಲೇ ಉಳಿದು, ಹರಿಗೋಲು ಕೆರೆಗೆ ಹೋದ ಮೇಲೆ ಜಿನುಗು ಶುರು. ಪರಿಹಾರ ಸುಲಭ: ಹತ್ತಿಸುವ ಮುನ್ನ ತಗಡಿನ ಮೇಲೆ ಎರಡು ಕೊಡ ನೀರು ಎರಚಿ, ಹಸಿ ಹುಲ್ಲನ್ನೋ ನೆನೆಸಿದ ಗೋಣಿಯನ್ನೋ ಹಾಸುವುದು. ಬೆಳಗ್ಗೆ ಬಿಸಿಲೇರುವ ಮುಂಚೆ ಸಾಗಿಸುವುದು ಇನ್ನೂ ಲೇಸು.

ಈಗ ಹೆಚ್ಚಾಗಿ ಕಾಣುವುದು ಫೈಬರ್ ಹರಿಗೋಲು. ಮೀನುಗಾರಿಕೆ ಇಲಾಖೆಯ ಸಹಾಯಧನದಲ್ಲೂ ಸಿಗುತ್ತದೆ, ಖಾಸಗಿಯಾಗಿಯೂ ಮಾಡಿಕೊಡುತ್ತಾರೆ. ಗಾಜಿನೆಳೆಯ ಚಾಪೆಗೆ ರಾಳ ಕುಡಿಸಿ ಅಚ್ಚಿನಲ್ಲಿ ಗಟ್ಟಿಯಾಗಲು ಬಿಟ್ಟ ಚಿಪ್ಪು ಅದು. ಹೊರಗಡೆ ಅರ್ಧ ಮಿಲಿಮೀಟರಿನಷ್ಟು ದಪ್ಪದ ನುಣ್ಣನೆಯ ಬಣ್ಣದ ಪದರ ಇರುತ್ತದೆ. ಅದಕ್ಕೆ ಜೆಲ್‌ಕೋಟ್ ಎಂದು ಹೆಸರು. ನೀರನ್ನು ತಡೆಯುವ ಮುಖ್ಯ ಕೆಲಸ ಅದರದ್ದು. ಒಳಗಿನ ಗಾಜಿನೆಳೆ ಬಲ ಕೊಡುತ್ತದೆ, ಆದರೆ ನೀರಿಗೆ ತೆರೆದುಕೊಂಡರೆ ಎಳೆಯ ಗುಂಟ ತೇವ ಒಳಕ್ಕೆ ಇಳಿಯುತ್ತದೆ, ಪದರ ಪದರ ಬಿಡಲು ಶುರುವಾಗುತ್ತದೆ. ಇದು ಒಂದೇ ದಿನಕ್ಕೆ ಆಗುವುದಿಲ್ಲ. ಅದೇ ಮೋಸ. ಡಾಂಬರಿನ ಹರಿಗೋಲು ನೋವಾದ ಕೂಡಲೇ ಸೋರಿ ಹೇಳುತ್ತಿತ್ತು. ಫೈಬರಿನದು ಎರಡು ಹಂಗಾಮು ಸುಮ್ಮನಿದ್ದು ಮೂರನೆಯದರಲ್ಲಿ ಕೈ ಕೊಡುತ್ತದೆ. ಫೈಬರ್ ಎಂದರೆ ಒಡೆಯದು, ಕೊಳೆಯದು, ನೋಡುವುದೇನಿದೆ ಎಂಬ ಭಾವನೆ ಬಂದುಬಿಟ್ಟಿದೆ. ದೋಣಿ ಬದಲಾಯಿತು, ಎಳೆದೊಯ್ಯುವ ಚಾಳಿ ಹಾಗೇ ಉಳಿಯಿತು. ಈ ಸೀಮೆಯಲ್ಲಿ ತಳ ಹಾಳಾಗುವುದಕ್ಕೆ ಬೇರೆ ಕಾರಣಗಳೆಲ್ಲ ಇದರ ನಂತರದವು ಎಂದು ನನ್ನ ತೀರ್ಮಾನ.

ಹತ್ತಿಸುವ ಹೊತ್ತನ್ನು ಒಮ್ಮೆ ನಿಂತು ನೋಡಬೇಕು. ಸಂಜೆ ಬಲೆ ಎಳೆದು ಮುಗಿದಿದೆ, ಟ್ರ್ಯಾಕ್ಟರು ಕೆರೆ ಏರಿಯ ಮೇಲೆ ನಿಂತಿದೆ. ಏರಿಯ ಒಳಮೈ ತುಂಬ ಕಲ್ಲು ಕಟ್ಟಣೆ, ಅಲೆ ಹೊಡೆದು ಸಂದಿಯ ಮಣ್ಣು ಹೋಗಿ ಕಲ್ಲಿನ ಮೂಲೆಗಳು ಎದ್ದು ನಿಂತಿವೆ. ಇಬ್ಬರು ಹುಡುಗರು ಹರಿಗೋಲಿನ ಅಂಚು ಹಿಡಿದು ಹಿಂದು ಮುಂದಾಗಿ ಮೇಲಕ್ಕೆ ಜಗ್ಗುತ್ತಾರೆ. ಒಳಗೆ ಒದ್ದೆ ಬಲೆ, ಹುಟ್ಟು, ಒಂದಿಷ್ಟು ನೀರು, ಉಳಿದ ಮೀನಿನ ಕ್ರೇಟು ಎಲ್ಲ ಹಾಗೇ ಇದೆ. ಕರಕರ ಸದ್ದು. ಮೇಲಿದ್ದ ಹಿರಿಯರು ಕೂಗುತ್ತಾರೆ: "ಎಳೀಬ್ಯಾಡ್ರಲೇ, ಎತ್ರೀ! ಒಳಗಿಂದು ಮೊದ್ಲು ಖಾಲಿ ಮಾಡ್ರಿ!" ಹುಡುಗರು ನಗುತ್ತಾರೆ, ಇನ್ನೆರಡು ಜಗ್ಗಿನಲ್ಲಿ ಏರಿ ಮುಟ್ಟಿಸುತ್ತಾರೆ. ತಳ ತಿರುಗಿಸಿದರೆ ಬೆರಳುಗುರಿನಷ್ಟು ಆಳದ ನಾಲ್ಕೈದು ಗೀರು. ಹಿರಿಯರು ಹೇಳಿದ ಎರಡು ಮಾತಿನಲ್ಲಿ ಹೆಚ್ಚಿನ ಪಾಠವೆಲ್ಲ ಬಂತು. ಮೊದಲು ಖಾಲಿ ಮಾಡುವುದು. ಆಮೇಲೆ ನಾಲ್ಕು ಜನ ಎತ್ತುವುದು. ಜನ ಇಲ್ಲದಿದ್ದರೆ ಹಳೆಯ ಟೈರುಗಳನ್ನು ಕಲ್ಲಿನ ಮೇಲೆ ಸಾಲಾಗಿ ಹಾಸಿ ಅದರ ಮೇಲೆ ಜಾರಿಸುವುದು. ಪಂಕ್ಚರ್ ಅಂಗಡಿಯ ಮುಂದೆ ಬಿದ್ದಿರುವ ಟೈರಿಗೆ ಕೊಡುವ ದುಡ್ಡು ಹೆಚ್ಚೇನಲ್ಲ.

ಕಲ್ಲಿಗಿಂತ ಕಾಟ ಕೊಡುವುದು ಬಳ್ಳಾರಿ ಜಾಲಿ. ವರ್ಷಾನುಗಟ್ಟಲೆ ಬತ್ತಿದ ಕೆರೆಯಂಗಳವನ್ನು ಅದು ಪೂರ್ತಿ ಆವರಿಸಿರುತ್ತದೆ. ಕೆರೆ ತುಂಬುವ ಮುಂಚೆ ಯಾರೋ ಸೌದೆಗೆ, ಇದ್ದಿಲಿಗೆ ಕಡಿದಿರುತ್ತಾರೆ. ಕಡಿದ ಕೂಳೆ ಮಾತ್ರ ನೆಲದಿಂದ ಒಂದು ಗೇಣು ಮೇಲೆ ಚೂಪಾಗಿ ಉಳಿದಿರುತ್ತದೆ. ನೀರು ತುಂಬಿದ ಮೇಲೆ ಅದು ಕಾಣುವುದಿಲ್ಲ. ದಡ ಸೇರುವ ಹರಿಗೋಲಿನ ತಳಕ್ಕೆ ಸಿಗುವುದು ಅದೇ. 2022ರ ಸೆಪ್ಟೆಂಬರಿನಲ್ಲಿ ವಾಣಿವಿಲಾಸ ಸಾಗರ 1933ರ ನಂತರ ಮೊದಲ ಸಲ ಕೋಡಿ ಬಿದ್ದು, 2025ರ ಜನವರಿಯಲ್ಲಿ ಮತ್ತೊಮ್ಮೆ ಬಿದ್ದಾಗ ವೇದಾವತಿಯ ಪಾತ್ರಕ್ಕೆ ನೀರು ಬಂದದ್ದೂ ಇಂಥ ಮುಳ್ಳು ಬೆಳೆದ ನೆಲದ ಮೇಲೆಯೇ. ಹರಿಗೋಲು ಹತ್ತಿಸುವ ಜಾಗವನ್ನು ಕೆರೆ ಒಣಗಿದ್ದಾಗಲೇ ಗುರುತು ಮಾಡಿಟ್ಟು, ಅಲ್ಲಿನ ಕೂಳೆಯನ್ನು ಬೇರು ಸಮೇತ ಕೀಳಿಸಿದರೆ ಮುಂದಿನ ಎಷ್ಟೋ ರಿಪೇರಿ ತಪ್ಪುತ್ತದೆ. ಒಣಗಿದ ಕೆರೆಗೆ ಕೆಲಸ ಮಾಡಲು ಯಾರು ಹೋಗುತ್ತಾರೆ ಎಂಬುದು ಬೇರೆ ಪ್ರಶ್ನೆ.

ಇನ್ನು ಟ್ರೇಲರಿನ ವಿಷಯ. ಆರೇಳು ಅಡಿ ಅಗಲದ ಹರಿಗೋಲು ಸಾಮಾನ್ಯ ಟ್ರ್ಯಾಕ್ಟರ್ ಟ್ರೇಲರಿನ ಒಳಗೆ ಚಪ್ಪಟೆಯಾಗಿ ಕೂರುವುದಿಲ್ಲ. ಪಕ್ಕದ ತಡೆಗಳು ಅಡ್ಡ ಬರುತ್ತವೆ. ಆಗ ಏನು ಮಾಡುತ್ತಾರೆ? ತಡೆಗಳ ಮೇಲೆಯೇ ಇಟ್ಟು ಹಗ್ಗ ಬಿಗಿಯುತ್ತಾರೆ. ಅಲ್ಲಿಗೆ ಹರಿಗೋಲಿನ ಪೂರ್ತಿ ಭಾರ ಎರಡು ಕಬ್ಬಿಣದ ಅಂಚಿನ ಮೇಲೆ, ಬೆರಳಗಲದ ಎರಡು ಗೆರೆಯಲ್ಲಿ ಬಿತ್ತು. ನಿಂತ ಗಾಡಿಯಲ್ಲಿ ಇದರಿಂದ ಏನೂ ಆಗದು. ಹಳ್ಳಿಯ ದಾರಿಯಲ್ಲಿ ಟ್ರೇಲರ್ ಹಾರಿ ಬಿದ್ದಾಗಲೆಲ್ಲ ಅದೇ ಎರಡು ಗೆರೆಗೆ ಏಟು. ಫೈಬರ್ ಬಗ್ಗುತ್ತದೆ, ಮತ್ತೆ ನೆಟ್ಟಗಾಗುತ್ತದೆ. ನೂರಾರು ಸಲ ಬಗ್ಗಿದ ಜಾಗದಲ್ಲಿ ಮೇಲಿನ ಪದರಕ್ಕೆ ಕೂದಲೆಳೆಯ ಬಿರುಕು ಬರುತ್ತದೆ. ಅನೇಕರು ಬಿರುಕು ಕಂಡಾಗ ನೀರಿನಲ್ಲಿ ಯಾವುದೋ ಕಲ್ಲು ತಾಗಿರಬೇಕು ಎನ್ನುತ್ತಾರೆ. ಬಿರುಕು ಎರಡು ಸಮಾನಾಂತರ ಗೆರೆಯಾಗಿದ್ದರೆ ಕಲ್ಲನ್ನು ಬೈಯುವ ಮೊದಲು ಟೇಪು ಹಿಡಿದು ಟ್ರೇಲರಿನ ಅಗಲ ಅಳೆಯುವುದು ಒಳ್ಳೆಯದು.

ಬೋರಲು ಹಾಕಿ ಒಯ್ಯುವುದು ಇದಕ್ಕೆ ನೇರ ಉತ್ತರ. ಹರಿಗೋಲಿನ ಅತಿ ಗಟ್ಟಿ ಭಾಗ ಅದರ ಅಂಚು. ಅಂಚು ಕೆಳಗೆ, ತಳ ಆಕಾಶಕ್ಕೆ ಎಂದಾದರೆ ಭಾರವೆಲ್ಲ ಗಟ್ಟಿ ಭಾಗದ ಮೇಲೆ ಬಿದ್ದು ತಳಕ್ಕೆ ಏನೂ ತಾಗುವುದಿಲ್ಲ. ಒಂದಕ್ಕಿಂತ ಹೆಚ್ಚು ಇದ್ದರೆ ಒಂದರ ಮೇಲೊಂದು ಬೋರಲು ಹಾಕಿ ನಡುವೆ ಗೋಣಿ ಇಟ್ಟರಾಯಿತು. ತೊಂದರೆ ಗಾಳಿಯದು. ಚಳ್ಳಕೆರೆಯಿಂದ ಮೊಳಕಾಲ್ಮುರು ತಾಲ್ಲೂಕಿನ ಕಡೆ ಹೋಗುವ 150ಎ ಹೆದ್ದಾರಿ ಬಯಲಿನಲ್ಲಿ ಹಾದಿದೆ. ಎದುರು ಗಾಳಿಗೆ ಬೋರಲು ಹರಿಗೋಲಿನ ಅಡಿಗೆ ಗಾಳಿ ಹೊಕ್ಕು ಎತ್ತುತ್ತದೆ. ಅದಕ್ಕೆ ಹಗ್ಗವನ್ನು ನೆತ್ತಿಯ ಮೇಲೆ ಅಡ್ಡಡ್ಡ ದಾಟಿಸಿ ನಾಲ್ಕು ಮೂಲೆಗೆ ಕಟ್ಟಬೇಕು, ಮುಂಭಾಗದ ಅಂಚು ಟ್ರೇಲರಿನ ಮುಂದಿನ ಹಲಗೆಗಿಂತ ಕೆಳಗಿರಬೇಕು. ಹಗ್ಗ ಹಾಯುವಲ್ಲೆಲ್ಲ ಒಂದು ಮಡಿಕೆ ಗೋಣಿ ಇಡಬೇಕು. ನೈಲಾನ್ ಹಗ್ಗ ದಾರಿಯುದ್ದಕ್ಕೂ ಒಂದೇ ಕಡೆ ಉಜ್ಜಿದರೆ ಜೆಲ್‌ಕೋಟ್ ಅಷ್ಟಗಲ ಮಾಸುತ್ತದೆ. ಬಿಗಿಯುವ ಉಮೇದಿನಲ್ಲಿ ಟಾಮಿ ಹಾಕಿ ತಿರುಚುವವರಿದ್ದಾರೆ. ತಿರುಚಿದಷ್ಟೂ ಚಿಪ್ಪು ಅಮುಕಿಕೊಳ್ಳುತ್ತದೆ, ಆ ಒತ್ತಡದ ಮೇಲೆ ಗುಂಡಿಯ ಏಟು ಬಿದ್ದರೆ ಬಿರುಕು ಖಂಡಿತ.

ನೆಟ್ಟಗೇ ಇಡಬೇಕಾದ ದೋಣಿಗಳೂ ಇವೆ: ಇಂಜಿನ್ ಕೂರಿಸಿದವು, ಉದ್ದ ದೋಣಿಗಳು. ಅವಕ್ಕೆ ಹಾಸು ಬೇಕು. ಹಾಸಿಗೆ ಏನು ಎಂಬಲ್ಲಿ ಈ ಊರುಗಳಿಗೆ ಬಡತನವಿಲ್ಲ. ಎಣ್ಣೆ ಗಿರಣಿಯ ಶೇಂಗಾ ಸಿಪ್ಪೆಯನ್ನು ಗೋಣಿಗೆ ಸಡಿಲವಾಗಿ ತುಂಬಿ ನಾಲ್ಕು ಚೀಲ ಇಟ್ಟರೆ ತಳದ ಆಕಾರಕ್ಕೆ ತಕ್ಕಂತೆ ಅದೇ ಕೂರುತ್ತದೆ, ಭಾರ ಅಗಲಕ್ಕೆ ಹರಡುತ್ತದೆ. ಹರಿದ ಕಂಬಳಿಯೂ ಒಳ್ಳೆಯದೇ, ಆದರೆ ಅದು ಮರಳು ಹಿಡಿದಿಟ್ಟುಕೊಳ್ಳುತ್ತದೆ. ಕೆರೆದಂಡೆಯಲ್ಲಿ ಹಾಸಿದ ಕಂಬಳಿಯನ್ನು ಕೊಡವದೆ ಟ್ರೇಲರಿಗೆ ಹಾಕಿದರೆ ಮೆತ್ತೆ ಹೋಗಿ ಉಪ್ಪುಕಾಗದವಾಗುತ್ತದೆ. ಯಾವ ಹಾಸಾದರೂ ಮೊದಲು ತಳ ತೊಳೆಯಬೇಕು, ಹಾಸು ಕೊಡವಬೇಕು. ಊರು ಮುಟ್ಟಿದ ಮೇಲೆ ಒದ್ದೆ ಹಾಸಿನ ಮೇಲೆ ವಾರಗಟ್ಟಲೆ ದೋಣಿ ಬಿಡಬಾರದು.

ಪರದೇಶಗಳಲ್ಲಿ ದೋಣಿಗೆಂದೇ ಕಟ್ಟಿದ ಟ್ರೇಲರುಗಳಲ್ಲಿ ಎರಡು ಪಂಥವಿದೆ. ಒಂದು, ಉದ್ದಕ್ಕೆ ಎರಡು ಹಲಗೆ ಹಾಕಿ ಮೇಲೆ ಜಮಖಾನೆಯಂಥ ಬಟ್ಟೆ ಹೊದಿಸುವುದು. ಇನ್ನೊಂದು, ಸಾಲು ಸಾಲು ರಬ್ಬರ್ ಉರುಳೆ ಹಾಕುವುದು. ಉರುಳೆಯ ಮೇಲೆ ಹತ್ತಿಸುವುದು ಇಳಿಸುವುದು ಸಲೀಸು, ಕಡಿಮೆ ನೀರಿರುವ ದಂಡೆಗೆ ಅದೇ ವಾಸಿ. ಆದರೆ ಭಾರ ಕೆಲವೇ ಬಿಂದುಗಳ ಮೇಲೆ ಬೀಳುವುದರಿಂದ ತೆಳು ತಳ ತಗ್ಗು ಬೀಳುತ್ತದೆ. ಹಲಗೆಯ ಮೇಲೆ ಭಾರ ಹರಡುತ್ತದೆ, ಹತ್ತಿಸುವಾಗ ಉಜ್ಜಾಟ ಜಾಸ್ತಿ. ಎರಡರಲ್ಲೂ ಹಿಂಭಾಗ ಟ್ರೇಲರಿನಿಂದ ಹೊರಗೆ ಜೋತುಬೀಳದಂತೆ, ಇಂಜಿನ್ ಕೂರುವ ಹಿಂಬದಿಗೆ ನೇರ ಆಸರೆ ಸಿಗುವಂತೆ ನೋಡಿಕೊಳ್ಳುವುದು ಮುಖ್ಯ. ಅಲ್ಯೂಮಿನಿಯಂ ದೋಣಿಯಾದರೆ ತಾಮ್ರದ ಔಷಧಿ ಕುಡಿಸಿದ ಮರದ ಹಲಗೆ ಬೇಡ, ಲೋಹ ತಿಂದುಹಾಕುತ್ತದೆ. ನಮ್ಮ ಕೆರೆಗಳ ಮಟ್ಟಿಗೆ ಟ್ರ್ಯಾಕ್ಟರ್ ಟ್ರೇಲರಿನ ಅಗಲಕ್ಕೆ ಸರಿಯಾಗಿ ಎರಡು ಹಲಗೆಯನ್ನು ಕಮಾನಾಗಿ ಕೊಯ್ಸಿ, ಮೇಲೆ ಟೈರಿನ ಪಟ್ಟಿ ಬಡಿದು ಇಟ್ಟುಕೊಂಡರೆ ಸಾಕು. ಟೈರಿನ ಮೊಳೆ ಮಾತ್ರ ಮೇಲ್ಮೈಯಲ್ಲಿ ತಲೆಯೆತ್ತಬಾರದು, ಪಕ್ಕಕ್ಕೆ ಹೊಡೆಸಬೇಕು.

ಇಂಥ ಆಸರೆ ಹೇಗಿರಬೇಕು ಎಂದು ನೋಡಲು ದೂರ ಹೋಗಬೇಕಿಲ್ಲ. ಚಿತ್ರದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರದ ರೆಕ್ಕೆಗಳು ಬಂದದ್ದು ಇದೇ ಜಿಲ್ಲೆಯ ಹೆದ್ದಾರಿಗಳ ಮೇಲೆ. ಅವೂ ಹರಿಗೋಲಿನ ಹಾಗೆ ಗಾಜಿನೆಳೆ, ರಾಳ, ಮೇಲೊಂದು ತೆಳು ಲೇಪ. ಅಷ್ಟುದ್ದದ ರೆಕ್ಕೆಯನ್ನು ಟ್ರೇಲರಿನ ತಗಡಿಗೆ ಯಾರೂ ತಾಗಿಸುವುದಿಲ್ಲ. ಬುಡವನ್ನು ಒಂದು ಚೌಕಟ್ಟಿಗೆ ಬಿಗಿದು, ತುದಿಯ ಕಡೆ ರೆಕ್ಕೆಯ ಆಕಾರಕ್ಕೇ ಕಡೆದ ಮೆತ್ತೆಯ ತೊಟ್ಟಿಲಲ್ಲಿ ಕೂರಿಸಿ, ನಡುವಿನದೆಲ್ಲ ಗಾಳಿಯಲ್ಲಿ ಬಿಡುತ್ತಾರೆ. ಕೋಟಿಗಟ್ಟಲೆಯ ಯಂತ್ರಕ್ಕೆ ಸಲ್ಲುವ ಈ ಜಾಣ್ಮೆ ಬಡವನ ಹರಿಗೋಲಿಗೆ ಯಾಕೆ ಸಲ್ಲಬಾರದು? ಸಹಾಯಧನದಲ್ಲಿ ಹರಿಗೋಲು ಕೊಡುವಾಗ ಅದರ ತಳಕ್ಕೆ ಹೊಂದುವ ಎರಡು ಕಮಾನು ಹಲಗೆಯನ್ನೂ ಜೊತೆಗೆ ಕೊಡುವುದು ಅಂಥ ದೊಡ್ಡ ಖರ್ಚಿನ ಬಾಬಲ್ಲ.

ಅಗ್ನಿಶಾಮಕದವರು ಮತ್ತು ವಿಪತ್ತು ನಿರ್ವಹಣಾ ಪಡೆಯವರು ತರುವ ಗಾಳಿ ತುಂಬುವ ರಬ್ಬರ್ ದೋಣಿಯ ಕಷ್ಟ ಬೇರೆ. ಗಾಳಿ ಬಿಟ್ಟು ಸುತ್ತಿ ಲಾರಿಯಲ್ಲಿ ತಂದರೆ ಅರ್ಧ ಚಿಂತೆ ಇಲ್ಲ. ಸುತ್ತುವ ಮೊದಲು ಒಳಗೆ ಸಿಕ್ಕ ಮುಳ್ಳು, ಹರಳು ಗುಡಿಸಿದರಾಯಿತು. ಉಬ್ಬಿಸಿದ ದೋಣಿಯನ್ನೇ ಟ್ರೇಲರಿನ ಮೇಲೆ ಬಿಸಿಲಿಗೆ ಬಿಟ್ಟರೆ ಮಾತ್ರ ಕಷ್ಟ. ಬೆಳಗಿನ 25 ಡಿಗ್ರಿಯಲ್ಲಿ ಕಾಲು ಬಾರ್ ಒತ್ತಡಕ್ಕೆ ತುಂಬಿಸಿದ ಗಾಳಿ 45 ಡಿಗ್ರಿಗೆ ಕಾದಾಗ ಒತ್ತಡ ಮೂರರಲ್ಲಿ ಒಂದು ಪಾಲಿನಷ್ಟು ಏರುತ್ತದೆ. ಕಪ್ಪು ರಬ್ಬರಿನ ಒಳಗಿನ ಶಾಖ ಅದಕ್ಕೂ ಹೆಚ್ಚು. ಬೆಸುಗೆಯ ಅಂಚು ಬಿಡುವುದು ಆಗಲೇ. ಸಾಗಿಸುವಾಗ ಸ್ವಲ್ಪ ಗಾಳಿ ಇಳಿಸಿ, ನೀರಿಗೆ ಬಿಡುವ ಮುನ್ನ ಮತ್ತೆ ತುಂಬಿಸುವುದು ಒಂದೇ ದಾರಿ.

ಕೆಟ್ಟ ಮೇಲೆ ರಿಪೇರಿ ಹೇಗೆ? ಹೆಚ್ಚಿನವರು ಎಂ-ಸೀಲ್ ಮೆತ್ತಿ ಕೈತೊಳೆಯುತ್ತಾರೆ. ಸಣ್ಣ ತೂತಿಗೆ ಹಂಗಾಮು ಮುಗಿಯುವವರೆಗೆ ಅದು ಸಾಕು. ಗೀರು ಗಾಜಿನೆಳೆಯವರೆಗೆ ಇಳಿದಿದ್ದರೆ ಮೊದಲು ದೋಣಿಯನ್ನು ನೆರಳಿನಲ್ಲಿ ಬೋರಲು ಹಾಕಿ ಹಲವು ದಿನ ಒಣಗಿಸಬೇಕು, ಸುತ್ತ ನಾಲ್ಕು ಬೆರಳು ಉಜ್ಜಬೇಕು, ಗಾಜಿನ ಚಾಪೆಯ ತುಂಡುಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಒಂದರ ಮೇಲೊಂದು ರಾಳದಲ್ಲಿ ಕೂರಿಸಬೇಕು. ಈ ಸೀಮೆಯ ಶಾಖಕ್ಕೆ ರಾಳ ಬೇಗ ಗಟ್ಟಿಯಾಗುತ್ತದೆ, ಹಾರ್ಡನರ್ ಕೈ ಬಿಗಿಹಿಡಿದು ಹಾಕಬೇಕು. ಹೆಚ್ಚಾದರೆ ಡಬ್ಬಿಯಲ್ಲೇ ಹೊಗೆ ಏಳುತ್ತದೆ. ಒದ್ದೆಯ ಮೇಲೆ ಹಾಕಿದ ತೇಪೆ ಮುಂದಿನ ಸಲ ಎಳೆದಾಗ ಚಕ್ಕೆಯೆದ್ದು ಬರುತ್ತದೆ. ಹಳೆಯ ಡಾಂಬರಿನ ಬುದ್ಧಿಯನ್ನು ಫೈಬರಿಗೂ ಒಗ್ಗಿಸಬಹುದು: ತಳದ ನಡುಭಾಗದಲ್ಲಿ, ನೆಲಕ್ಕೆ ಮೊದಲು ತಾಗುವ ಜಾಗದಲ್ಲಿ, ಸವೆಯುವುದಕ್ಕೆಂದೇ ಎರಡು ಪದರ ಚಾಪೆ ಹೆಚ್ಚಿಗೆ ಹಾಕಿಸಿಟ್ಟರೆ ಕೆಳಗಿನ ಮೂಲ ಚಿಪ್ಪು ಉಳಿಯುತ್ತದೆ. ಮಾಡಿಸುವಾಗಲೇ ಹೇಳಿದರೆ ಹಾಕಿಕೊಡುತ್ತಾರೆ.

ಉಳಿದದ್ದು ಜಾಗದ ಪ್ರಶ್ನೆ. ಕಲ್ಲು ಕಟ್ಟಣೆಯ ಏರಿಯ ಮೇಲೆ ಯಾಕೆ ಹತ್ತಿಸುತ್ತಾರೆ ಎಂದರೆ ಕೆರೆಯಂಗಳದ ಗೋಡಿನಲ್ಲಿ ಟ್ರ್ಯಾಕ್ಟರು ಹೂತುಕೊಳ್ಳುತ್ತದೆ, ಅದಕ್ಕೆ. ಅನೇಕ ಕೆರೆಗಳಲ್ಲಿ ಕೋಡಿಯ ಪಕ್ಕದ ನೆಲ ಗಟ್ಟಿ, ಇಳಿಜಾರೂ ಹದವಾಗಿರುತ್ತದೆ; ದನ ಕುರಿ ನೀರಿಗೆ ಇಳಿಯುವುದೂ ಅಲ್ಲೇ. ಹೂಳೆತ್ತುವ, ಏರಿ ಭದ್ರಪಡಿಸುವ ಕಾಮಗಾರಿ ಬಂದಾಗ ಅದೇ ಅಂದಾಜು ಪಟ್ಟಿಯಲ್ಲಿ ಹತ್ತಡಿ ಅಗಲದ ಒಂದು ಇಳಿಜಾರನ್ನೂ ಸೇರಿಸಿಕೊಳ್ಳಬಹುದು. ಗುತ್ತಿಗೆದಾರರು ಸುಲಭ ಕಂಡು ಪೂರ್ತಿ ಗರಸು ಸುರಿದು ಹೋಗದಂತೆ ನೋಡಿಕೊಳ್ಳಬೇಕು, ಗರಸಿನ ಮೇಲೆ ತಳ ಇನ್ನೂ ಬೇಗ ಸವೆಯುತ್ತದೆ. ಟ್ರ್ಯಾಕ್ಟರು ನಿಲ್ಲುವ ಕಡೆ ಎರಡು ಲೋಡು ಗರಸು, ಹರಿಗೋಲು ಬರುವ ದಾರಿಗೆ ಬರೀ ಮಣ್ಣು.